ಹದ ಬರುವ ತನಕ

ಬೆಂಗಳೂರಿನಲ್ಲಿ, ಮನೆಯಲ್ಲೇ ಮಣ್ಣಿನ ಕೆಲಸ ಶುರುಮಾಡಬೇಕು ಎನ್ನುವವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಕೇಳುಗರ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತಿಗೆ ಬೇಕಾದ ಶಬ್ದ ನಿಮ್ಮೆಲ್ಲರ ಅಡುಗೆಮನೆಯಲ್ಲಿ ಈಗಾಗಲೇ ಇದೆ. ಅದು ಹದ. ಮುದ್ದೆಗೊಂದು ಹದ, ಬೆಲ್ಲದ ಪಾಕಕ್ಕೊಂದು ಹದ, ಹೋಳಿಗೆಯ ಕಣಕಕ್ಕೆ ಇನ್ನೊಂದು. ಚಕ್ಕುಲಿ ಹಿಟ್ಟು ಒರಟಾದರೆ ಒರಳಿನಿಂದ ಇಳಿಯುವಾಗಲೇ ತುಂಡಾಗುತ್ತದೆ, ನೀರಾದರೆ ಸುತ್ತು ನಿಲ್ಲುವುದಿಲ್ಲ. ಜೇಡಿಮಣ್ಣಿನ ಕೆಲಸವೂ ಇಷ್ಟೇ. ಉಳಿದದ್ದೆಲ್ಲ ವಿವರ.

ಮಣ್ಣಿನ ಕೆಲಸ ಮನಸ್ಸಿಗೆ ನೆಮ್ಮದಿ ಎಂದು ಹೇಳುವವರು ಸಾಮಾನ್ಯವಾಗಿ ಚಂದದ ಬಟ್ಟಲೊಂದು ಕೈಯಲ್ಲಿ ಅರಳಿದ ಖುಷಿಯನ್ನು ವರ್ಣಿಸುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಮೊದಲ ಆರು ತಿಂಗಳು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಚಂದವಿರುವುದಿಲ್ಲ. ನೆಮ್ಮದಿ ಬರುವುದು ಬೇರೆ ಕಡೆಯಿಂದ: ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂದು ತೀರ್ಮಾನಿಸುವುದು ಮಣ್ಣು, ನಾವಲ್ಲ. ಚಹಾ ಕಪ್ಪಿಗೆ ಹಿಡಿ ಅಂಟಿಸಲು ಇನ್ನೂ ಹೊತ್ತಾಗಿಲ್ಲ ಎಂದರೆ ಆಗಿಲ್ಲ. ಎಷ್ಟೇ ಅವಸರ ಮಾಡಿದರೂ ನೀರು ತನ್ನ ಪಾಡಿಗೆ ಆರಬೇಕು. ಇಡೀ ದಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೂ ಫೋನಿನಲ್ಲೂ ತಳ್ಳಾಡಿ ಬಂದ ಜೀವಕ್ಕೆ, ತಳ್ಳಿದರೂ ಮುಂದೆ ಹೋಗದ ಒಂದು ವಸ್ತು ಕೈಗೆ ಸಿಗುವುದೇ ದೊಡ್ಡ ವಿಶ್ರಾಂತಿ. ಮೇಲಾಗಿ ಎರಡೂ ಕೈ ಮಣ್ಣಾಗಿರುವಾಗ ಫೋನ್ ಮುಟ್ಟಲು ಆಗುವುದಿಲ್ಲ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಇದಕ್ಕೆ ಅಳತೆಯೂ ಇದೆ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 39 ವಯಸ್ಕರಿಗೆ ಜೇಡಿ, ಬಣ್ಣದ ಪೆನ್ನು, ಕೊಲಾಜ್ ಸಾಮಾನು ಕೊಟ್ಟು 45 ನಿಮಿಷ ಬಿಟ್ಟರು. ಸುಮಾರು 75 ಶೇಕಡಾ ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಕಲೆಯ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಅದರ ಮೇಲೆ ಕೋಟೆ ಕಟ್ಟಬೇಡಿ. ಮತ್ತೆ ಮಣ್ಣು ಔಷಧಿಯಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಏನೂ ಬೇಡ ಅನ್ನಿಸುತ್ತಿದೆ ಎಂದಾದರೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಮಣ್ಣಿಗೆ ಬರೋಣ.

ಜೇಡಿಯ ಕಣಗಳು ಚಪ್ಪಟೆ ಬಿಲ್ಲೆಗಳು. ಒಂದೊಂದರ ಅಗಲ 0.002 ಮಿಲಿಮೀಟರ್‌ಗಿಂತ ಕಡಿಮೆ. ಬಿಲ್ಲೆಗಳ ನಡುವೆ ನೀರಿನ ತೆಳು ಪೊರೆ ಇರುವುದರಿಂದ ಒಂದರ ಮೇಲೊಂದು ಜಾರುತ್ತವೆ, ಆದರೆ ಬಿಟ್ಟುಹೋಗುವುದಿಲ್ಲ. ಒದ್ದೆ ಗಾಜಿನ ಎರಡು ಹಲಗೆಗಳು ಜಾರುತ್ತವೆ, ಕಿತ್ತರೆ ಬರುವುದಿಲ್ಲವಲ್ಲ, ಹಾಗೆ. ನೀರು ಆರಿದಂತೆ ಬಿಲ್ಲೆಗಳು ಹತ್ತಿರ ಬರುತ್ತವೆ, ಪಾತ್ರೆ ಕುಗ್ಗುತ್ತದೆ. ಒಣಗುವಾಗ ನೂರಕ್ಕೆ ಐದರಿಂದ ಎಂಟು, ಸುಟ್ಟ ಮೇಲೆ ಒಟ್ಟು ಹತ್ತು ಹನ್ನೆರಡರ ತನಕ. ಮುಂದೆ ಹೇಳುವ ಬಿರುಕುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಒಂದು ಭಾಗ ಕುಗ್ಗಿತು, ಪಕ್ಕದ್ದು ಕುಗ್ಗಲಿಲ್ಲ.

ಮಣ್ಣು ಎಲ್ಲಿ ಸಿಗುತ್ತದೆ? ಹಳೆಯ ಪೇಟೆಯ ಕುಂಬಾರಪೇಟೆಯಲ್ಲಿ ಈಗ ಹೆಸರು ಮಾತ್ರ ಉಳಿದಿದೆ, ಸಗಟು ಅಂಗಡಿಗಳ ಬೀದಿ ಅದು. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ಕುಂಬಾರ ಕುಟುಂಬಗಳು ಹಣತೆ, ಕುಂಡ, ಗಣೇಶ ಮಾಡುತ್ತವೆ. ಕೆಂಪು ಜೇಡಿ ಬೇಕಾದರೆ ಅಲ್ಲಿ ವಿಚಾರಿಸಿ, ಹೋದಾಗ ಅವರ ಕೈ ನೋಡಿ. ಹತ್ತು ವಿಡಿಯೋಗಿಂತ ಮೇಲು. ಸ್ಟೋನ್‌ವೇರ್, ಅಂದರೆ ಹೆಚ್ಚು ಕಾವಿಗೆ ಸುಟ್ಟು ಕಲ್ಲಿನಂತೆ ಗಟ್ಟಿಯಾಗುವ ಮಣ್ಣು, ಚೀಲದಲ್ಲಿ ಹದಮಾಡಿಯೇ ಬರುತ್ತದೆ. ಮೊದಲಿಗೆ ಹತ್ತು ಕೆಜಿ ಸಾಕು. ಸೈಟಿನಲ್ಲಿ ಪಾಯ ತೋಡಿದ ಕೆಮ್ಮಣ್ಣು ತರಬಹುದೇ ಎಂದು ಪ್ರತಿ ಬಾರಿ ಯಾರಾದರೂ ಕೇಳುತ್ತಾರೆ. ತರಬಹುದು, ಆದರೆ ನೀರಿನಲ್ಲಿ ಕರಗಿಸಿ 60 ಮೆಶ್, ಅಂದರೆ ಅಂಗುಲಕ್ಕೆ 60 ಕಣ್ಣಿನ ಜರಡಿಯಲ್ಲಿ ಸೋಸಬೇಕು, ಅರ್ಧಕ್ಕರ್ಧ ಮರಳು ಹೋಗಬಹುದು. ಸುಣ್ಣಕಲ್ಲಿನ ಚೂರು ಉಳಿದರೆ ಸುಟ್ಟ ಕೆಲವು ದಿನಗಳ ಮೇಲೆ ಅದು ಗಾಳಿಯ ತೇವ ಕುಡಿದು ಉಬ್ಬಿ, ಪಾತ್ರೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಹುಳಿ ಹಿಂಡಿ ನೋಡಿ, ಬುರುಗು ಬಂದರೆ ಆ ಮಣ್ಣು ಬೇಡ. ಊರಿನ ಕೆರೆಗಳ ಗೋಡು ಮಾತ್ರ ಯಾವ ಕಾರಣಕ್ಕೂ ಬೇಡ, ಒಳಚರಂಡಿ ಎಲ್ಲಿಗೆ ಸೇರುತ್ತಿದೆ ಎಂಬುದು ನಿಮಗೇ ಗೊತ್ತು.

ಹದ ನೋಡುವ ಪರೀಕ್ಷೆ ಹತ್ತು ಸೆಕೆಂಡಿನದು. ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ತೋರುಬೆರಳಿಗೆ ಸುತ್ತಿ. ಹೊರಮೈ ಬಿರಿದರೆ ನೀರು ಕಡಿಮೆ. ಬೆರಳಿಗೆ ಅಂಟಿಕೊಂಡರೆ ಜಾಸ್ತಿ. ಬಿರಿಯದೆ ಅಂಟದೆ ಬಂದರೆ ಹದ. ಚೀಲದ ಮಣ್ಣು ಗಟ್ಟಿಯಾಗಿದ್ದರೆ ಹತ್ತು ಕೆಜಿಗೆ ಒಂದು ಸಣ್ಣ ಲೋಟ ನೀರು ಹಾಕಿ ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ಇಡೀ ಚೀಲವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ರಾತ್ರಿ ಮುಳುಗಿಸಿಡಿ. ಸುತ್ತಲ ನೀರಿನ ಒತ್ತಡಕ್ಕೆ ಒಳಗಿನ ನೀರು ಮಣ್ಣಿನ ಎಲ್ಲ ಮೈಗೂ ಹತ್ತುತ್ತದೆ. ಒಂದು ಎಚ್ಚರಿಕೆ: ಆರ್‌ಓ ಯಂತ್ರದಿಂದ ಹೊರಬರುವ ನೀರನ್ನು ನೆಲ ಒರೆಸಲು ಬಳಸುತ್ತೀರಿ, ಒಳ್ಳೆಯದು, ಮಣ್ಣಿಗೆ ಮಾತ್ರ ಹಾಕಬೇಡಿ. ಬೋರ್‌ವೆಲ್ಲಿನ ಲವಣವೆಲ್ಲ ಅದರಲ್ಲೇ ಇರುತ್ತದೆ. ಒಣಗುವಾಗ ಅದು ಮೇಲಕ್ಕೆ ಬಂದು ಕೆಂಪು ಪಾತ್ರೆಯ ಮೇಲೆ ಬಿಳಿ ಪೊರೆಯಾಗಿ ನಿಲ್ಲುತ್ತದೆ, ಸುಟ್ಟರೂ ಹೋಗುವುದಿಲ್ಲ.

ಮಣ್ಣು ನಾದುವುದನ್ನು ಬಿಡಬೇಡಿ. ಒಂದು ಕೆಜಿ ಉಂಡೆಯನ್ನು ಐವತ್ತು ಅರವತ್ತು ಸಲ ಮುಂದಕ್ಕೆ ಒತ್ತಿ, ಹಿಂದಕ್ಕೆ ಮಗುಚಿ. ಚಪಾತಿ ಹಿಟ್ಟಿನಂತೆ ಮಡಚಬಾರದು, ಮಡಿಕೆಯೊಳಗೆ ಗಾಳಿ ಸೇರುತ್ತದೆ. ಮೇಜು ಸೊಂಟದ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ, ಒತ್ತುವ ಶಕ್ತಿ ತೋಳಿನಿಂದ ಬೇಡ, ಮೈಯ ಭಾರದಿಂದ ಬರಲಿ. ಆಮೇಲೆ ತಂತಿಯಿಂದ ಎರಡು ಹೋಳು ಮಾಡಿ ನೋಡಿ: ತೂತು, ಬಣ್ಣದ ಪಟ್ಟೆ ಕಂಡರೆ ಇನ್ನಷ್ಟು ನಾದಿ. ಉಸಿರು ತಾನಾಗಿ ಒಂದು ಲಯಕ್ಕೆ ಬರುವುದು ಈ ಹತ್ತು ನಿಮಿಷದಲ್ಲೇ. ಹೆಚ್ಚಿನವರು ಇದನ್ನು ಬೇಸರದ ಸಿದ್ಧತೆ ಎಂದುಕೊಂಡು ಹಾರಿಸಿಬಿಡುತ್ತಾರೆ.

ತಿಗರಿ ಕೊಳ್ಳಬೇಕೇ? ಬೇಡ. ಕನಿಷ್ಠ ಮೊದಲ ವರ್ಷ ಬೇಡ. ತಿರುಗುವ ಚಕ್ರದ ಮೇಲೆ ಮಣ್ಣನ್ನು ನಡುವಿಗೆ ತರುವುದನ್ನು ಕಲಿಯಲೇ ತಿಂಗಳುಗಳು ಹಿಡಿಯುತ್ತವೆ. ನೆಮ್ಮದಿಗೆಂದು ಬಂದವರು ಅಲ್ಲಿ ಹಲ್ಲು ಕಚ್ಚಿಕೊಂಡು ಕೂರುತ್ತಾರೆ. ಬಾಲ್ಕನಿಯ ಗೋಡೆಗೆ ಕೆಸರು ಹಾರುವುದು ಬೇರೆ.

ಬದಲಿಗೆ ಈ ಅಭ್ಯಾಸ ಮಾಡಿ. 250 ಗ್ರಾಂನ ಮೂರು ಉಂಡೆ. ತೂಕ ಮಾಡಿಯೇ ತೆಗೆದುಕೊಳ್ಳಿ, ಕಣ್ಣಂದಾಜು ಬೇಡ. ಉಂಡೆಯನ್ನು ಎಡ ಅಂಗೈಯಲ್ಲಿಟ್ಟು ಬಲ ಹೆಬ್ಬೆರಳನ್ನು ನಡುವೆ ಇಳಿಸಿ, ತಳದಲ್ಲಿ ಒಂದು ಸೆಂಟಿಮೀಟರ್ ಉಳಿಯುವಾಗ ನಿಲ್ಲಿಸಿ. ಇನ್ನು ತಳದಿಂದ ಚಿವುಟಿ, ಸ್ವಲ್ಪ ತಿರುಗಿಸಿ, ಮತ್ತೆ ಚಿವುಟಿ, ಸುತ್ತು ಸುತ್ತಾಗಿ ಮೇಲಕ್ಕೆ. ಬಟ್ಟಲಿನ ಗೋಡೆ ಆರು ಮಿಲಿಮೀಟರ್ ಇರಲಿ. ಬಾಯಿಯ ಅಂಚನ್ನು ಕೊನೆಯ ತನಕ ದಪ್ಪಗೇ ಬಿಡಿ, ಮೊದಲೇ ತೆಳುಮಾಡಿದರೆ ಅದು ಬೇಗ ಒಣಗಿ ಸೀಳುತ್ತದೆ. ಅಂಚು ಬಿರಿದರೆ ಬೆರಳ ತುದಿ ಒದ್ದೆ ಮಾಡಿ ಸವರಿ, ನೀರು ಸುರಿಯಬೇಡಿ. ಸುರಿದ ನೀರು ಒಳಗೆ ತಳದಲ್ಲಿ ನಿಂತು ಮಣ್ಣನ್ನು ಲೋಳೆ ಮಾಡುತ್ತದೆ, ಗೋಡೆ ಹೊಟ್ಟೆಬಿಟ್ಟು ಕೂರುತ್ತದೆ. ಹಾಗೆ ಕೂತರೆ ಬೋರಲು ಹಾಕಿ ಕಾಲು ಗಂಟೆ ಬಿಡಿ. ಮೂರನೆಯ ಬಟ್ಟಲನ್ನು ಕಣ್ಣು ಮುಚ್ಚಿ ಮಾಡಿ. ದಪ್ಪವನ್ನು ಬೆರಳಿನಷ್ಟು ಚೆನ್ನಾಗಿ ಕಣ್ಣು ಅಳೆಯಲಾರದು.

ಮೂರೂ ಮುಗಿದ ಮೇಲೆ ಮೂರನ್ನೂ ತಂತಿಯಿಂದ ನಡುವೆ ಕತ್ತರಿಸಿ. ಹೌದು, ಮೂರನ್ನೂ. ಗೋಡೆಯ ಕೊಯ್ತ ನೋಡಿ: ತಳದ ಮೂಲೆಯಲ್ಲಿ ಮಣ್ಣು ಇಡ್ಲಿಯ ಹಾಗೆ ಉಬ್ಬಿದೆಯೇ, ನಡುವೆ ಕಾಗದದಷ್ಟು ತೆಳುವೇ? ನೋಡಿ ಆಯಿತೆಂದರೆ ಮತ್ತೆ ಉಂಡೆ ಕಟ್ಟಿ ಚೀಲಕ್ಕೆ. ಮೊದಲ ತಿಂಗಳು ಏನನ್ನೂ ಇಟ್ಟುಕೊಳ್ಳದಿದ್ದರೆ ಕೆಟ್ಟೀತು ಎಂಬ ಭಯ ಹೋಗುತ್ತದೆ, ಕೈ ಬೇಗ ಕಲಿಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ. ಇಲ್ಲಿ ದೊಣ್ಣೆ ನಿಮ್ಮ ಕೈಯಲ್ಲೇ ಇದೆ.

ಎರಡನೆಯ ತಿಂಗಳಿಗೆ ತಟ್ಟುವ ಕೆಲಸ. ಇದು ನಮ್ಮ ನೆಲದ ವಿದ್ಯೆ, ಊರಿನ ಸ್ಟುಡಿಯೋಗಳಲ್ಲಿ ಇದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ನೀರಿನ ಮಡಕೆಯ ಗುಂಡುತಳ ತಿಗರಿಯಿಂದ ಬರುವುದಿಲ್ಲ. ತಿಗರಿಯ ಮೇಲೆ ಬಾಯಿ, ಕೊರಳು, ದಪ್ಪ ಗೋಡೆ ಮಾತ್ರ ಎದ್ದೇಳುತ್ತದೆ. ಅರೆ ಒಣಗಿದ ಮೇಲೆ ಒಳಗೆ ನುಣುಪಾದ ಕಲ್ಲು ಹಿಡಿದು, ಹೊರಗೆ ಮರದ ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆ ಹಿಗ್ಗಿಸಿ ತಳ ಮುಚ್ಚುತ್ತಾರೆ. ಶರಣ ಕುಂಬಾರ ಗುಂಡಯ್ಯ ಮಡಕೆ ತಟ್ಟಿದ ನಾದಕ್ಕೆ ಶಿವನೇ ಕುಣಿದ ಎಂಬ ಕತೆ ಹುಟ್ಟಿದ್ದು ಈ ಸದ್ದಿನಿಂದಲೇ. ಮನೆಯಲ್ಲಿ ಇದಕ್ಕೆ ಬೇಕಾದದ್ದು ಚಪ್ಪಟೆ ಮರದ ಸೌಟು, ಅಂಗೈಯಲ್ಲಿ ಕೂರುವ ಹೊಳೆಗಲ್ಲು, ಒಂದು ಹಿಡಿ ಸೋಸಿದ ಬೂದಿ. 600 ಗ್ರಾಂನ ಚಿವುಟಿದ ಬಟ್ಟಲನ್ನು ಹತ್ತು ಮಿಲಿಮೀಟರ್ ದಪ್ಪಕ್ಕೇ ನಿಲ್ಲಿಸಿ. ಒತ್ತಿದರೆ ಬೆರಳಚ್ಚು ಮೂಡಬೇಕು, ಆದರೆ ಅಂಟಬಾರದು. ಆಗ ಕಲ್ಲಿಗೂ ಸೌಟಿಗೂ ಬೂದಿ ಹಚ್ಚಿ, ಕಲ್ಲು ಇರುವ ಜಾಗಕ್ಕೇ ಹೊರಗಿನಿಂದ ತಟ್ಟಿ. ಕಲ್ಲು ತಪ್ಪಿದರೆ ಗೋಡೆ ಒಳಕ್ಕೆ ಕುಸಿಯುತ್ತದೆ. ಒಂದೇ ಜಾಗಕ್ಕೆ ಎರಡು ಏಟು ಬೇಡ, ಸುತ್ತುತ್ತಾ ಹೋಗಿ. ಮೆಲ್ಲಗೆ. ಕೆಳಗಿನ ಮನೆಯವರು ಮಲಗಿರುವ ಹೊತ್ತು ನೋಡಿಕೊಳ್ಳಿ, ಶಿವ ಕುಣಿದ ಹಾಗೆ ಅವರು ಕುಣಿಯಲಾರರು.

ಮಣ್ಣಿನ ಬತ್ತಿ ಸುತ್ತಿ ಪಾತ್ರೆ ಕಟ್ಟುವುದು, ಮಣ್ಣಿನ ಹಲಗೆ ಲಟ್ಟಿಸುವುದು ನೋಡಿ ಕಲಿಯಬಹುದಾದವು. ಬತ್ತಿಗಳನ್ನು ಒಳಗಡೆಯಿಂದಾದರೂ ಒಂದಕ್ಕೊಂದು ಸೇರಿಸಿ ಸವರಬೇಕು. ಹಲಗೆಯನ್ನು ಆರು ಮಿಲಿಮೀಟರಿನ ಎರಡು ಪಟ್ಟಿಗಳ ನಡುವೆ, ಬಟ್ಟೆಯ ಮೇಲೆ ಲಟ್ಟಿಸಿ ಎರಡೂ ಮೈ ಸವರಿ ಒತ್ತಬೇಕು. ಅಂಟಿಸುವ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಎರಡು ತುಂಡು ಸೇರುವಲ್ಲಿ ಮುಳ್ಳುಚಮಚದಿಂದ ಅಡ್ಡಡ್ಡ ಗೀರಿ, ದೋಸೆ ಹಿಟ್ಟಿನಷ್ಟು ಗಟ್ಟಿಯ ಅದೇ ಮಣ್ಣಿನ ಗಂಜಿ ಹಚ್ಚಿ, ಅಲುಗಿಸುತ್ತಾ ಒತ್ತಿ. ಚಹಾ ಕಪ್ಪಿನ ಹಿಡಿ ಕಿತ್ತುಬರುವುದು ಗಂಜಿ ಸಾಲದೆ ಅಲ್ಲ. ಕಪ್ಪು ಆಗಲೇ ಅರೆ ಒಣಗಿತ್ತು, ಹಿಡಿ ಹಸಿಯಿತ್ತು. ಹಿಡಿಯನ್ನೂ ಕಪ್ಪನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟು ಒಂದೇ ತೇವಕ್ಕೆ ತನ್ನಿ, ಆಮೇಲೆ ಅಂಟಿಸಿ, ಮತ್ತೆ ಒಂದು ರಾತ್ರಿ ಪ್ಲಾಸ್ಟಿಕ್ ಮುಚ್ಚಿಡಿ.

ಒಣಗಿಸುವುದು ಬೆಂಗಳೂರಿನಲ್ಲಿ ಎರಡು ಬೇರೆ ಬೇರೆ ಕಸುಬು. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಗಾಳಿ ಎಷ್ಟು ಒಣ ಎಂದರೆ ಬಾಲ್ಕನಿಯಲ್ಲಿಟ್ಟ ಬಟ್ಟಲಿನ ಬಾಯಿ ಒಂದೇ ಗಂಟೆಯಲ್ಲಿ ಬಿಳುಪಾಗುತ್ತದೆ, ತಳ ಇನ್ನೂ ಹಸಿ. ಬಾಯಿ ಕುಗ್ಗಿತು, ತಳ ಕುಗ್ಗಲಿಲ್ಲ, ಸೀಳಿತು. ಆ ತಿಂಗಳುಗಳಲ್ಲಿ ಮೊದಲ ಎರಡು ದಿನ ಪೂರ್ತಿ ಮುಚ್ಚಿ, ಮೂರನೆಯ ದಿನ ಪ್ಲಾಸ್ಟಿಕ್ಕಿನ ಮೇಲೆ ನಾಲ್ಕು ತೂತು, ಐದನೆಯ ದಿನ ಬೋರಲು ಹಾಕಿ ತೆರೆಯಿರಿ. ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ ಅದೇ ಬಟ್ಟಲಿಗೆ ಎರಡು ವಾರವಾದರೂ ಬೇಕು. ಆಗ ತಾಳ್ಮೆಗೆಟ್ಟು ಫ್ಯಾನಿನ ಎದುರು ಇಟ್ಟರೆ ಗಾಳಿ ಬಡಿದ ಕಡೆ ಬಾಗುತ್ತದೆ. ತಂತಿ ಜಾಲರಿಯ ಮೇಲಿಡಿ, ತಳಕ್ಕೂ ಗಾಳಿಯಾಡಲಿ. ಒಣಗಿತೋ ಇಲ್ಲವೋ ಎಂದು ತಿಳಿಯಲು ಕೆನ್ನೆಗೆ ತಾಗಿಸಿ: ತಣ್ಣಗಿದ್ದರೆ ಒಳಗೆ ನೀರಿದೆ. ತಳದ ನಡುವೆ ಎಸ್ ಆಕಾರದ ಬಿರುಕು ಬಂದರೆ ತಪ್ಪು ಒಣಗಿಸಿದ್ದರಲ್ಲಷ್ಟೇ ಅಲ್ಲ, ಮಾಡುವಾಗ ತಳವನ್ನು ಒತ್ತಿ ಬಿಗಿಮಾಡಿರಲಿಲ್ಲ.

ಬಣ್ಣ, ಚಿತ್ರ ಎಂದರೆ ಒಬ್ಬೊಬ್ಬರ ಇಷ್ಟ. ಒಂದು ಮಾತು ಮಾತ್ರ ಹೇಳುತ್ತೇನೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಚಿತ್ತಾರದ ಗೆರೆಗಳು ಮಣ್ಣಿನ ಪಾತ್ರೆಗೆ ಬಹಳ ಒಗ್ಗುತ್ತವೆ, ಕೈ ನಡುಗಿದರೂ ಚಂದ. ಆದರೆ ಅಲ್ಲಿ ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಕೆಂಪಿಗೆ ಕೆಮ್ಮಣ್ಣು. ಮಡಕೆ ಸುಡುವ ಆವಿಗೆಯಲ್ಲಿ ಅಕ್ಕಿ ಎರಡೂ ರೂಪದಲ್ಲಿ ಉರಿದುಹೋಗುತ್ತದೆ. ಕೆಮ್ಮಣ್ಣು ಮಾತ್ರ ಉಳಿಯುತ್ತದೆ, ಅದರ ಬಣ್ಣ ಕಬ್ಬಿಣದ ಆಕ್ಸೈಡಿನದು. ಬಿಳಿ ಗೆರೆಗೆ ಬಾಲ್ ಕ್ಲೇ ಎಂಬ ಅಂಟುಜೇಡಿ 50 ಭಾಗ, ಚೈನಾ ಕ್ಲೇ ಎಂಬ ಬಿಳಿಜೇಡಿ 30, ಸೀಸವಿಲ್ಲದ ಫ್ರಿಟ್ ಎಂಬ ಗಾಜಿನ ಪುಡಿ 20, ಕೆನೆಯಷ್ಟು ಗಟ್ಟಿ ಕಲಸಿ 80 ಮೆಶ್‌ನಲ್ಲಿ ಸೋಸಿ. ಪಾತ್ರೆ ತಣ್ಣಗೆ, ಗಟ್ಟಿಯಾಗಿ, ಉಗುರಿಗೆ ಗೀರು ಬೀಳುವ ಹದದಲ್ಲಿ ಇರುವಾಗಲೇ ಹಚ್ಚಬೇಕು. ಪೂರ್ತಿ ಒಣಗಿದ ಪಾತ್ರೆಗೆ ಹಚ್ಚಿದರೆ ಗೆರೆ ಕುಗ್ಗುತ್ತದೆ, ಪಾತ್ರೆ ಕುಗ್ಗುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ.

ಸುಡುವುದು. ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಮನೆಯ ಓವನ್ 250 ಡಿಗ್ರಿಗೆ ನಿಲ್ಲುತ್ತದೆ. ಜೇಡಿಯ ಕಣದೊಳಗೆ ರಾಸಾಯನಿಕವಾಗಿ ಸೇರಿಕೊಂಡ ನೀರು ಹೊರಬರುವುದು ಸುಮಾರು 450ರಿಂದ 600 ಡಿಗ್ರಿಯ ನಡುವೆ. ಅದು ಹೋಗದ ತನಕ ಪಾತ್ರೆ ಎಷ್ಟೇ ಗಟ್ಟಿಯಾಗಿ ಕಂಡರೂ ನೀರಿಗೆ ಹಾಕಿದರೆ ಮತ್ತೆ ಕೆಸರು, ಹಬ್ಬದ ಮಣ್ಣಿನ ಗಣಪ ಬಕೆಟ್ಟಿನಲ್ಲಿ ಕರಗುವ ಹಾಗೆ. ಒಳ್ಳೆಯ ಟೆರಾಕೋಟಾಕ್ಕೆ, ಅಂದರೆ ಸುಟ್ಟ ಕೆಂಪು ಜೇಡಿಗೆ, ಸಾವಿರ ಡಿಗ್ರಿ ಹತ್ತಿರ ಬೇಕು, ಸ್ಟೋನ್‌ವೇರಿಗೆ 1220ರ ಆಸುಪಾಸು. ಗಾಳಿಗಿಟ್ಟರೆ ಸಾಕು, ಸುಡಬೇಕಿಲ್ಲ ಎಂದು ಮಾರುವ ಮಣ್ಣು ಅಲಂಕಾರಕ್ಕೆ ಸರಿ, ಚಹಾ ಕುಡಿಯಲು ಅಲ್ಲ.

ಆವಿಗೆಯಲ್ಲಿ ಪಾತ್ರೆ ಸಿಡಿಯುವುದು ಗಾಳಿಗುಳ್ಳೆಯಿಂದ ಎನ್ನುತ್ತಾರೆ. ಸಿಡಿಸುವುದು ನೀರು. ತೇವ ಉಳಿದ ದಪ್ಪ ಗೋಡೆಯೊಳಗೆ ನೀರು ಹಬೆಯಾಗಿ ನೂರಾರು ಪಟ್ಟು ಹಿಗ್ಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ 85ರಿಂದ 90ರ ನಡುವೆ ಮೂರು ಗಂಟೆಯಾದರೂ ನಿಲ್ಲಿಸಿ, ದಪ್ಪ ಕೆಲಸವಾದರೆ ರಾತ್ರಿಯಿಡೀ, ಆಮೇಲೆ 600ರ ತನಕ ಗಂಟೆಗೆ 80 ಡಿಗ್ರಿಯಂತೆ ನಿಧಾನಕ್ಕೆ ಏರಿಸಬೇಕು. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬೆಣಚು ಏಕಾಏಕಿ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಕುತೂಹಲ ತಡೆಯದೆ ಬಾಗಿಲು ಬೇಗ ತೆರೆದವರಿಗೆ ಪಾತ್ರೆ ಬಿರಿಯುವ ಟಿಣ್ ಎಂಬ ಸದ್ದು ಕೇಳಿಸುವುದು ಒಳಗೂ ಹೊರಗೂ ಒಂದೇ ವೇಗದಲ್ಲಿ ಆರದೆ.

ಫ್ಲ್ಯಾಟಿನಲ್ಲಿ ಸ್ವಂತ ವಿದ್ಯುತ್ ಆವಿಗೆ ಬೇಡ ಎಂದೇ ಹೇಳುತ್ತೇನೆ. ವಯರಿಂಗ್, ಹೊಗೆ, ಕಾವು, ಪಕ್ಕದ ಮನೆ, ಎಲ್ಲವೂ ತಲೆನೋವು. ಊರಿನಲ್ಲಿ ಹಲವು ಸ್ಟುಡಿಯೋಗಳು ಬೇರೆಯವರ ಕೆಲಸವನ್ನೂ ಸುಟ್ಟುಕೊಡುತ್ತವೆ. ಕೊಡುವ ಮೊದಲು ನಿಮ್ಮ ಮಣ್ಣು ಯಾವುದು, ಎಷ್ಟು ಡಿಗ್ರಿಯದು ಎಂದು ತಳದಲ್ಲಿ ಗೀರಿ ಬರೆಯಿರಿ. ಕೆಂಪು ಜೇಡಿಯ ಹಣತೆ ತಪ್ಪಿ 1220ರ ಸುಡುವಿಕೆಗೆ ಹೋದರೆ ಕರಗಿ ಆವಿಗೆಯ ಹಲಗೆಗೆ ಅಂಟುತ್ತದೆ, ಪಕ್ಕದವರ ಪಾತ್ರೆಯೂ ಹಾಳು. ಒಯ್ಯುವಾಗ ಇನ್ನೊಂದು ಕಷ್ಟ: ಪೂರ್ತಿ ಒಣಗಿದ ಹಸಿ ಪಾತ್ರೆಯಷ್ಟು ನಾಜೂಕು ವಸ್ತು ಇನ್ನೊಂದಿಲ್ಲ, ನಮ್ಮ ರಸ್ತೆಗುಂಡಿಗಳು ನಿಮಗೆ ಗೊತ್ತೇ ಇವೆ. ಬಕೆಟ್ಟಿನ ತಳಕ್ಕೆ ಫೋಮ್, ಸುತ್ತ ಮುದ್ದೆ ಮಾಡಿದ ಪೇಪರ್, ಬಕೆಟ್ಟು ತೊಡೆಯ ಮೇಲೆ, ಆಟೋದಲ್ಲಿ. ಬಾಯಿಯ ಅಂಚು ಹಿಡಿದು ಎತ್ತಬೇಡಿ, ಎರಡೂ ಕೈಯಿಂದ ತಳ ಹಿಡಿಯಿರಿ.

ಕೊನೆಯದಾಗಿ ಧೂಳು ಮತ್ತು ಚರಂಡಿ. ಒಣಮಣ್ಣಿನ ಧೂಳಿನಲ್ಲಿ ಸಿಲಿಕಾ ಇದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಂಚು ನಯ ಮಾಡಲು ಉಪ್ಪುಕಾಗದದ ಬದಲು ಒದ್ದೆ ಸ್ಪಂಜು. ಕೈಯನ್ನು ಸಿಂಕಿನಲ್ಲಿ ತೊಳೆಯಬೇಡಿ: ಮೊದಲ ಬಕೆಟ್ಟು, ಎರಡನೆಯ ಬಕೆಟ್ಟು, ಆಮೇಲೆ ನಲ್ಲಿ. ರಾತ್ರಿ ಕಳೆದರೆ ಮಣ್ಣು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಗಿಡಕ್ಕೆ.

ಪ್ರಶ್ನೆಗಳು ಬಂದವು. ನಾವು ಮಾಡಿದ ಹಣತೆ ಎಣ್ಣೆಯನ್ನೆಲ್ಲ ಕುಡಿಯುತ್ತದಲ್ಲ ಎಂದರು ಒಬ್ಬರು. ಕುಡಿಯುತ್ತದೆ, ಟೆರಾಕೋಟಾ ಸಣ್ಣ ತೂತುಗಳ ಗೂಡು. ಮಡಕೆಯ ನೀರು ತಣ್ಣಗಾಗುವುದೂ ಅದೇ ತೂತುಗಳಿಂದ ಜಿನುಗಿ ಆವಿಯಾಗುವುದರಿಂದ. ಹೊಸ ಹಣತೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮೇಲ್ಮೈ ಆರಿದ ಮೇಲೆ ಎಣ್ಣೆ ಹಾಕಿ. ಊಟದ ತಟ್ಟೆಗೆ ಯಾವ ಹೊಳಪು ಹಚ್ಚಬೇಕೆಂದು ಕೇಳಿದವರಿಗೆ ಉತ್ತರ ಚಿಕ್ಕದು: ಊಟಕ್ಕೆ ಎಂದು ಸ್ಪಷ್ಟವಾಗಿ ಬರೆದಿರುವ, ಸೀಸವಿಲ್ಲದ ಗ್ಲೇಜ್, ಅದು ಹೇಳುವ ತಾಪಕ್ಕೇ ಸುಟ್ಟದ್ದು.

ಒಣಗಿದ ಪಾತ್ರೆ ಬಿರಿದರೆ ಗಂಜಿ ತುಂಬಿ ಸರಿಮಾಡಬಹುದೇ ಎಂಬುದು ಕೊನೆಯ ಪ್ರಶ್ನೆ. ಆಗುವುದಿಲ್ಲ, ತುಂಬಿದ ಗಂಜಿ ಕುಗ್ಗಿ ಅಲ್ಲೇ ಮತ್ತೆ ಬಿರಿಯುತ್ತದೆ. ಅದನ್ನು ಕರಗಿಸಿ ಮತ್ತೆ ಮಣ್ಣು ಮಾಡಿಕೊಳ್ಳಿ; ಅದಕ್ಕೆ ಮೊದಲು ಇನ್ನೊಂದೆರಡು ದಿನ ಬಿಟ್ಟು ಪೂರ್ತಿ ಒಣಗಿಸಿ. ಅರೆ ಒಣಗಿದ್ದು ಸರಿಯಾಗಿ ಕರಗುವುದಿಲ್ಲ, ಎಲುಬಿನಂತೆ ಒಣಗಿದ್ದು ನೀರನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ಬಕೆಟ್ಟಿನ ನೀರಿಗೆ ಬಿಡಿ. ಗುಳ್ಳೆ ಏಳುತ್ತದೆ, ಗೋಡೆ ಪದರ ಪದರವಾಗಿ ಕುಸಿಯುತ್ತದೆ. ಮರುದಿನದ ತನಕ ಕಲಕಬೇಡಿ. ಕಲಕಿದರೆ ಹೊರಪದರ ಲೋಳೆಯಾಗಿ ಒಳಗಿನ ಒಣ ಗಟ್ಟಿಗೆ ನೀರು ಹೋಗುವ ದಾರಿಯೇ ಮುಚ್ಚಿಬಿಡುತ್ತದೆ.